ನವೆಂಬರಿನ ಸೊಪ್ಪು

2004ರ ಫೆಬ್ರವರಿಯ ಒಂದು ಬುಧವಾರ ಮಧ್ಯಾಹ್ನ ಹದಿನೆಂಟು ಬಿಳಿ ಇಲಿಗಳು ಪಂಚಮಿಯ ಎರಡು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಟ್ಟವು.

ಅವಳು ಮಂಗಳೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮೈಗೆ ನಂಜೇರಿದಾಗ, ಅಂದರೆ ಡಾಕ್ಟರರು ಸೆಪ್ಸಿಸ್ ಎನ್ನುವ ಸ್ಥಿತಿಯಲ್ಲಿ, ರೋಗಾಣುಗಳ ಮೇಲೆ ಏರಿ ಹೋದ ಮೈ ತನ್ನ ಶ್ವಾಸಕೋಶವನ್ನೇ ಸುಟ್ಟುಕೊಳ್ಳುತ್ತದೆ. ಶ್ವಾಸಕೋಶ ಊದಿಕೊಂಡು ನೀರು ತುಂಬುತ್ತದೆ. ರೋಗಾಣುವನ್ನು ಕೊಲ್ಲುವುದಕ್ಕೆ ಔಷಧಿ ಇತ್ತು. ಈ ಉರಿಯೂತವನ್ನು ತಣಿಸುವುದಕ್ಕೆ ನಂಬಿಕೊಳ್ಳುವಂಥದ್ದು ಯಾವುದೂ ಇರಲಿಲ್ಲ. ಎಲೆ, ತೊಗಟೆ, ಹೂವುಗಳಲ್ಲಿರುವ ಫ್ಲೇವನಾಯ್ಡ್ ಎಂಬ ವಸ್ತುಗಳಿಗೆ ಆ ಗುಣ ಇದ್ದೀತೆಂದು ಹಲವು ದೇಶಗಳಲ್ಲಿ ಹುಡುಕುತ್ತಿದ್ದರು. ಪಂಚಮಿ ಹುಡುಕುತ್ತಿದ್ದುದು ಆಡುಸೋಗೆಯಲ್ಲಿ. ಕೆಮ್ಮು ಬಂದರೆ ಕಷಾಯಕ್ಕೆ ಹಾಕುವ, ದನ ಬಾಯಿ ಹಾಕುವುದಿಲ್ಲವೆಂದು ಬೇಲಿಗೆ ನೆಡುವ ಅದೇ ಆಡುಸೋಗೆ.

ಮಾಡುವ ಕ್ರಮ ಇಷ್ಟೆ. ಇಲಿಗಳಿಗೆ ಮೊದಲು ಸೊಪ್ಪಿನ ಸಾರ ಕುಡಿಸುವುದು. ಒಂದು ತಾಸಿನ ಮೇಲೆ ಬ್ಯಾಕ್ಟೀರಿಯಾದ ಹೊರಕವಚದ ವಿಷವನ್ನು ಚುಚ್ಚುವುದು. ಮರುದಿನ ಶ್ವಾಸಕೋಶ ತೆಗೆದು ಒದ್ದೆಯಾಗಿದ್ದಾಗ ಒಮ್ಮೆ, ಒಣಗಿಸಿ ಒಮ್ಮೆ ತೂಗುವುದು. ಎರಡರ ನಡುವೆ ಅಂತರ ಹೆಚ್ಚಿದಷ್ಟೂ ಒಳಗೆ ತುಂಬಿದ ನೀರು ಹೆಚ್ಚು. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಅಂಗೈಯಲ್ಲಿ ತೂಗಿಯೇ ಒಣಗಿದೆಯೋ ಇಲ್ಲವೋ ಹೇಳುವ ಊರಿನಿಂದ ಬಂದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲ ಸೊಪ್ಪು ಕಳಸದ ಅವಳ ಮನೆಯ ಬೇಲಿಯಿಂದಲೇ 2002ರ ನವೆಂಬರಿನಲ್ಲಿ ಬಂದಿತ್ತು. ಅದರ ಸಾರ ಕುಡಿದ ಇಲಿಗಳ ಶ್ವಾಸಕೋಶ ಆರೋಗ್ಯದ ಇಲಿಗಳದ್ದಕ್ಕಿಂತ ಸ್ವಲ್ಪವೇ ಭಾರವಾಗಿತ್ತು. ಲ್ಯಾಬಿನಲ್ಲಿ ಎಲ್ಲರೂ ಬಂದು ನೋಡಿಹೋದರು. ಸಾರದ ವಸ್ತುಗಳನ್ನು ಬೇರೆ ಮಾಡುವ ಗಾಜಿನ ತಟ್ಟೆಯ ಮೇಲೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪಟ್ಟೆ ಕಾಣಿಸಿತು. ಹೊಸ ಫ್ಲೇವನಾಯ್ಡ್ ಇರಬೇಕೆಂದು ಅವಳ ಗೈಡ್ ಮಲ್ಲಿಕಾರ್ಜುನಪ್ಪನವರು ಹೈದರಾಬಾದಿನ ಒಂದು ಸಮ್ಮೇಳನಕ್ಕೆ ಪ್ರಬಂಧ ಬರೆಸಿ ಕಳಿಸಿದರು. ಅದು ಒಪ್ಪಿಗೆಯೂ ಆಯಿತು.

ಆ ಸೊಪ್ಪು ಮುಗಿಯುತ್ತ ಬಂದಾಗ ಪಂಚಮಿ 2004ರ ಜನವರಿಯಲ್ಲಿ ಊರಿಗೆ ಹೋಗಿ ಅದೇ ಬೇಲಿಯ ಅದೇ ಗಿಡಗಳಿಂದ ತಾನೇ ಕೊಯ್ದುತಂದು, ಹಾಸ್ಟೆಲಿನ ಕೋಣೆಯಲ್ಲಿ ಪೇಪರು ಹಾಸಿ ಒಣಗಿಸಿದಳು. ಫೆಬ್ರವರಿಯ ಇಲಿಗಳಿಗೆ ಕುಡಿಸಿದ್ದು ಅದನ್ನು. ಬುಧವಾರ ತೂಕದ ಯಂತ್ರ ತೋರಿಸಿದ ಅಂಕಿಗಳಿಗೂ ಬರೀ ನೀರು ಕುಡಿದು ವಿಷ ಚುಚ್ಚಿಸಿಕೊಂಡ ಇಲಿಗಳ ಅಂಕಿಗಳಿಗೂ ವ್ಯತ್ಯಾಸವೇ ಇರಲಿಲ್ಲ. ಗಾಜಿನ ತಟ್ಟೆಯ ಮೇಲೆ ಆ ಹೊಸ ಪಟ್ಟೆಯೂ ಇರಲಿಲ್ಲ.

ಮಲ್ಲಿಕಾರ್ಜುನಪ್ಪನವರು ದಾವಣಗೆರೆ ಕಡೆಯವರು. ಕೆಟ್ಟ ಮನುಷ್ಯರಲ್ಲ. ವಿದ್ಯಾರ್ಥಿಗಳ ಕೈಯಲ್ಲಿ ಮನೆಯ ತರಕಾರಿ ತರಿಸಿದವರಲ್ಲ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು, ಇವಳು ಅವರ ಕೊನೆಯ ವಿದ್ಯಾರ್ಥಿ. ಅವರು ಅಂಕಿಗಳನ್ನು ನೋಡಿ, ಗಿಡದಲ್ಲಿ ಋತುವಿನಿಂದ ಋತುವಿಗೆ ವಸ್ತುಗಳು ಬದಲಾಗುತ್ತವೆ, ಇದೇನು ಹೊಸತಲ್ಲ ಎಂದರು. ಮಳೆ ಮುಗಿದ ನವೆಂಬರಿನಲ್ಲಿ ಇರುವುದು ಜನವರಿಯಲ್ಲಿ ಇಲ್ಲದೆ ಹೋಗಬಹುದು. ನವೆಂಬರಿನ ಸೊಪ್ಪು ಎಂದೇ ಬರೆದು ಥೀಸಿಸ್ ಕೊಟ್ಟುಬಿಡು, ಫೆಬ್ರವರಿಯ ಇಲಿಗಳನ್ನು ಮುಂದೆ ಯಾವಾಗಲಾದರೂ ನೋಡೋಣ ಎಂದರು. ಸೆಪ್ಟೆಂಬರಿಗೆ ಅವಳ ಫೆಲೋಶಿಪ್ ಮುಗಿಯುತ್ತಿತ್ತು. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ, ಗಿಡಗಳಲ್ಲಿ ಹಾಗೆ ಆಗುತ್ತದೆ. ಪಂಚಮಿಗೆ ಹೆದರಿಕೆಯಾದದ್ದು ಅದಕ್ಕೇ. ಯಾರೂ ತಪ್ಪು ಹಿಡಿಯಲಾಗದ ಒಂದು ಕಾರಣ ಕೈಗೆ ಸಿಕ್ಕಿತ್ತು, ಅದು ನಿಜವೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಎರಡು ವಾರ ಸಮಯ ಕೇಳಿ ಕಳಸದ ಬಸ್ಸು ಹತ್ತಿದಳು.

ನವೆಂಬರಿನ ಸೊಪ್ಪನ್ನು ಕೊಯ್ದು ಒಣಗಿಸಿ ಕಳಿಸಿದವಳು ಯಲ್ಲಮ್ಮ. ಪಂಚಮಿಯ ಅಪ್ಪ ಉಮಾಮಹೇಶ್ವರ ಭಟ್ಟರಿಗೆ ಮೂರೂವರೆ ಎಕರೆ ಕಾಫಿ, ಅಡಿಕೆ. ಕಡೂರು ಕಡೆಯಿಂದ ಚಿಕ್ಕವಳಿದ್ದಾಗಲೇ ಗಟ್ಟ ಹತ್ತಿ ಬಂದಿದ್ದ ಯಲ್ಲಮ್ಮ ಪಕ್ಕದ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದಳು. ಕಾಫಿ ಕೊಯ್ಲು ಅಲ್ಲಿ, ಅಡಿಕೆ ಬೇಯಿಸುವ ಕಾಲಕ್ಕೆ ಭಟ್ಟರಲ್ಲಿ. ಅವಳು ಬೇಯಿಸಿದ ಅಡಿಕೆಯ ಬಣ್ಣವನ್ನು ಕೊಪ್ಪದ ಮಂಡಿಯವರೂ ಹೊಗಳುತ್ತಿದ್ದರು.

ಅವಳ ಗಂಡ ರೇವಣ್ಣ ಇಲ್ಲದಿದ್ದರೆ ಪಂಚಮಿ ಈ ವಿಷಯದ ತಂಟೆಗೇ ಹೋಗುತ್ತಿರಲಿಲ್ಲ. 1999ರ ಆಗಸ್ಟಿನಲ್ಲಿ ಕಾಫಿ ಗಿಡದ ಬುಡ ಬಿಡಿಸುವಾಗ ಕತ್ತಿ ಜಾರಿ ಅವನ ಮೊಣಕಾಲಿನ ಕೆಳಗೆ ಹೊಕ್ಕಿತ್ತು. ಎಲ್ಲರೂ ಮಾಡುವಂತೆ ಗಾಯಕ್ಕೆ ಕಾಫಿಪುಡಿ ಮೆತ್ತಿ ಬಟ್ಟೆ ಕಟ್ಟಿದ. ನಾಲ್ಕನೆಯ ದಿನ ಜ್ವರ, ಆರನೆಯ ದಿನ ಉಸಿರಾಟಕ್ಕೆ ತೊಂದರೆ. ಜೀಪಿನಲ್ಲಿ ಕುದುರೆಮುಖದ ಮೇಲೆ ಮಂಗಳೂರಿಗೆ ತಂದಾಗ ತುಟಿ ನೀಲಿಯಾಗಿತ್ತು. ಹನ್ನೊಂದು ದಿನ ಉಸಿರಾಟದ ಯಂತ್ರ. ಯಲ್ಲಮ್ಮನಿಗೆ ಓದು ಬರುವುದಿಲ್ಲ, ಮಂಗಳೂರಿನ ತುಳು ಬರುವುದಿಲ್ಲ. ಆಗ ಅಲ್ಲೇ ಬಿ.ಫಾರ್ಮ. ಓದುತ್ತಿದ್ದ ಪಂಚಮಿಗೆ ಅಪ್ಪ ಫೋನು ಮಾಡಿ ಹೋಗಿ ನೋಡು ಎಂದರು. ಅವಳು ದಿನಾ ಸಂಜೆ ಹೋದಳು. ಚೀಟಿ ಓದಿ ಹೇಳಿದಳು, ಒಂದು ಬಾಟಲಿ ರಕ್ತ ಕೊಟ್ಟಳು, ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದಳು. ಒಂದು ಸಲ ಡಾಕ್ಟರು, ಕಾಲಿನ ನಂಜು ಇಳಿಯುತ್ತಿದೆ, ಆದರೆ ಶ್ವಾಸಕೋಶದ ಬೆಂಕಿಗೆ ನಮ್ಮ ಹತ್ತಿರ ನೀರಿಲ್ಲ, ಕಾಯುವುದೊಂದೇ ಎಂದಿದ್ದರು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಕೈಚೆಲ್ಲಿ ನಿಂತದ್ದನ್ನು ಅವಳು ನೋಡಿದ್ದು ಅದೇ ಮೊದಲು. ಪಿಎಚ್.ಡಿ.ಗೆ ವಿಷಯ ಆರಿಸುವಾಗ ಬೇರೆ ಯಾವುದೂ ತಲೆಗೆ ಬರಲಿಲ್ಲ.

ರೇವಣ್ಣ ಬದುಕಿದ. ಕಾಲು ಸ್ವಲ್ಪ ಎಳೆಯುತ್ತದೆ, ಏರು ಹತ್ತಿದರೆ ಏದುಸಿರು, ಅಷ್ಟೆ. ತನ್ನ ಗಂಡನನ್ನು ಉಳಿಸಿದವಳು ಪಂಚಮಿ ಎಂದು ಯಲ್ಲಮ್ಮ ಲೈನಿನಲ್ಲೆಲ್ಲ ಹೇಳಿಕೊಂಡು ಬಂದಳು. ನಾನು ಚೀಟಿ ಓದಿದ್ದು ಮಾತ್ರ ಎಂದು ಪಂಚಮಿ ಎಷ್ಟು ಸಲ ಹೇಳಿದರೂ ಅದು ವಿನಯ ಎಂದೇ ಲೆಕ್ಕವಾಯಿತು. ವರ್ಷವರ್ಷವೂ ಹಾಸ್ಟೆಲಿಗೆ ಕಳಲೆ ಬಂತು, ಸೂಜಿಮೆಣಸು ಬಂತು. ಸಣ್ಣಂದಿನಿಂದ ‘ನೀನು’ ಎಂದೇ ಮಾತಾಡಿಸುತ್ತಿದ್ದ ಯಲ್ಲಮ್ಮನನ್ನು ಪಂಚಮಿ ಯಾವತ್ತಿನಿಂದ ‘ನೀವು’ ಎನ್ನತೊಡಗಿದಳೋ ಅವಳಿಗೇ ನೆನಪಿರಲಿಲ್ಲ.

2002ರ ನವೆಂಬರಿನಲ್ಲಿ ಅವಳು ಅಪ್ಪನಿಗೆ ಫೋನು ಮಾಡಿ, ಹತ್ತು ಕೆ.ಜಿ. ಆಡುಸೋಗೆ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಕಳಿಸಿ ಎಂದಿದ್ದಳು. ಭಟ್ಟರು ಯಲ್ಲಮ್ಮನಿಗೆ ಹೇಳಿದರು. ಹತ್ತು ದಿನಕ್ಕೆ ಗೋಣಿಚೀಲದಲ್ಲಿ ಗಟ್ಟಿಯಾಗಿ ಹೊಲಿದ ಮಾಲು ಬಸ್ಸಿನಲ್ಲಿ ಬಂತು. ಸೊಪ್ಪು ಕಪ್ಪುಗೆಂಪಾಗಿತ್ತು. ಸೊಪ್ಪು ಒಣಗಿದರೆ ಬಣ್ಣ ಕಂದುವುದು ಸಹಜ ಎಂದು ಪಂಚಮಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಚೀಲ ಬಿಚ್ಚಿದಾಗ ಮನೆಯ ವಾಸನೆ ಬಂದಿತ್ತು. ಮನೆಯಿಂದ ಬಂದ ಚೀಲಕ್ಕೆ ಮನೆಯ ವಾಸನೆ ಇರುವುದರಲ್ಲಿ ಅವಳಿಗೆ ವಿಶೇಷವೇನೂ ಕಂಡಿರಲಿಲ್ಲ.

ಈಗ ಮಾರ್ಚಿನ ಮೊದಲ ವಾರ ಅವಳು ಲೈನ್ ಮನೆಯ ಜಗುಲಿಯ ಮೇಲೆ ಕೂತಿದ್ದಳು. ಆ ಸೊಪ್ಪಿನ ಉಳಿದ ಒಂದು ಹಿಡಿ ಪ್ಲಾಸ್ಟಿಕ್ ಕವರಿನಲ್ಲಿತ್ತು. ಹೇಗೆ ಒಣಗಿಸಿದಿರಿ ಎಂದು ಕೇಳಿದಳು. ಹೇಳಿದ ಹಾಗೇ ನೆರಳಿನಲ್ಲಿ ಎಂದಳು ಯಲ್ಲಮ್ಮ. ನೆರಳು ಎಂದರೆ ಎಲ್ಲಿ ಎಂದು ಕೇಳಿದಳು. ಅಡಿಕೆ ಬೇಯಿಸುವ ಕೊಟ್ಟಿಗೆಯ ಬಿದಿರು ತಟ್ಟಿಯ ಮೇಲೆ ಎಂದಳು. ಒಲೆ ಉರಿಯುತ್ತಿತ್ತೇ, ಹೊಗೆ ಇತ್ತೇ, ಬೋರ್ಡೋ ಔಷಧಿ ಹೊಡೆದ ಗಿಡಗಳಾಗಿದ್ದವೇ, ಬೇರೆ ಸೊಪ್ಪು ಸೇರಿತ್ತೇ ಎಂದು ಪಂಚಮಿ ಪಟ್ಟಿ ಹಿಡಿದು ಕೇಳುತ್ತ ಹೋದ ಹಾಗೆ ಯಲ್ಲಮ್ಮನ ಉತ್ತರಗಳು ಗಿಡ್ಡವಾದವು. ಕೊನೆಗೆ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಹೇಳಿದಂಗೇ ಮಾಡಿದೀನಿ ಎಂದಷ್ಟೇ ಹೇಳಿದಳು.

ಬಾಗಿಲಿಗೆ ಒರಗಿ ನಿಂತಿದ್ದ ರೇವಣ್ಣ ಬಾಯಿ ಹಾಕಿದ. “ಠಾಣೇಲಿ ಕೇಳ್ದಂಗೆ ಕೇಳ್ತಿದೀರಲ್ಲ ಸಣ್ಣಮ್ಮ. ನಮ್ಮನೇಲಿ ಬಾಯಿ ಇರೋದು ನಂಗೆ, ಕೈ ಇರೋದು ಅವಳಿಗೆ. ಹೇಳು ಅಂದ್ರೆ ಏನು ಹೇಳ್ತಾಳೆ. ಮಾಡು ಅನ್ನಿ, ಮಾಡ್ತಾಳೆ.”

ಎರಡು ವರ್ಷದಿಂದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳಿಗೆ ಇಷ್ಟು ಸರಳವಾದದ್ದು ಹೊಳೆದಿರಲಿಲ್ಲವಲ್ಲ ಎಂದು ಪಂಚಮಿಗೆ ನಾಚಿಕೆಯಾಯಿತು. ನಾನು ಇಲ್ಲಿ ಇಲ್ಲ ಎಂದುಕೊಳ್ಳಿ, ಆವತ್ತು ಮಾಡಿದ್ದನ್ನು ಮೊದಲಿಂದ ಮಾಡಿ, ನಾನು ಬಾಯಿ ಬಿಡುವುದಿಲ್ಲ ಎಂದಳು.

ಮರುದಿನ ಬೆಳಿಗ್ಗೆ ಯಲ್ಲಮ್ಮ ಬಂದಳು, ಹಿಂದೆಯೇ ರೇವಣ್ಣನೂ ಬಂದ. ಬೇಲಿಯಲ್ಲಿ ಎರಡು ಬುಟ್ಟಿ ಆಡುಸೋಗೆ ಕೊಯ್ದಳು, ಹುಳ ತಿಂದ ಎಲೆಗಳನ್ನು ಆರಿಸಿ ಎಸೆದಳು, ತೋಡಿನ ನೀರಿನಲ್ಲಿ ಎರಡು ಸಲ ತೊಳೆದಳು. ಪಂಚಮಿ ಕಲ್ಲಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ಆಮೇಲೆ ಯಲ್ಲಮ್ಮ ಕೊಟ್ಟಿಗೆಗೆ ಹೋಗಿ ಒಲೆಗೆ ಬೆಂಕಿ ಹಾಕಿದಳು. ಪಂಚಮಿಯ ಪೆನ್ನು ನಿಂತಿತು. ಬಾಯಿ ಬಿಡುವುದಿಲ್ಲ ಎಂದಿದ್ದರಿಂದ ಸುಮ್ಮನಿದ್ದಳು. ಯಲ್ಲಮ್ಮ ತಾಮ್ರದ ಹಂಡೆಗೆ ನೀರು ಹೊಯ್ದಳು, ಅದು ಕುದಿಯತೊಡಗಿದಾಗ ಮೂಲೆಯಲ್ಲಿದ್ದ ಡ್ರಮ್ಮಿನ ಮುಚ್ಚಳ ತೆಗೆದು, ಸೌಟಿನಲ್ಲಿ ದಪ್ಪ ಕೆಂಪು ರಸವನ್ನು ಎತ್ತಿ ಹಂಡೆಗೆ ಸುರಿದಳು. ಒಂದು, ಎರಡು, ಮೂರು. ಆಮೇಲೆ ಸೊಪ್ಪನ್ನು ಅದರಲ್ಲಿ ಮುಳುಗಿಸಿ, ತೂತಿನ ಸೌಟಿನಿಂದ ಎತ್ತಿ, ತಟ್ಟಿಯ ಮೇಲೆ ಹರಡಿದಳು. ಹಸಿರು ಸೊಪ್ಪು ಕಪ್ಪುಗೆಂಪಾಗಿ ಹೊಳೆಯಿತು.

ಕೊಟ್ಟಿಗೆಯ ತುಂಬ ಮನೆಯ ವಾಸನೆ ಎದ್ದಿತು.

ಅದು ಚೊಗರು. ಹಸಿ ಅಡಿಕೆ ಬೇಯಿಸಿದ ನೀರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸಿ, ಗಟ್ಟಿಯಾದ ರಸವನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತಾರೆ. ಹೊಸ ಅಡಿಕೆ ಬೇಯುವಾಗ ಅದನ್ನು ಬೆರೆಸಿದರೆ ಕೆಂಪು ಬಣ್ಣ ಹಿಡಿಯುತ್ತದೆ, ಹೊಳಪು ಬರುತ್ತದೆ, ಹುಳ ಮುಟ್ಟುವುದಿಲ್ಲ. ಪಂಚಮಿಗೆ ಇದೆಲ್ಲ ನಡೆಯಲು ಕಲಿಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮೂಗು ಅದನ್ನು ಬೇರೆ ವಾಸನೆ ಎಂದು ಹಿಡಿಯಲಿಲ್ಲ. ಚೊಗರು ಎಂದರೆ ಒಗರು, ಒಗರು ಎಂದರೆ ಕೆಟೆಚಿನ್ ಮತ್ತು ಅದರ ಬಳಗ, ಅವೂ ಫ್ಲೇವನಾಯ್ಡ್‌ಗಳೇ. ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಪಟ್ಟೆ ಆಡುಸೋಗೆಯ ಪುಸ್ತಕಗಳಲ್ಲಿ ಇರಲಿಲ್ಲ, ಅಷ್ಟೆ.

ಯಲ್ಲಮ್ಮ ಕೈ ಒರೆಸಿಕೊಳ್ಳುತ್ತ ಇವಳ ಮುಖ ನೋಡಿದಳು. ಪಂಚಮಿ ಕೊನೆಗೆ ಬಾಯಿ ಬಿಟ್ಟಳು.

“ಚೊಗರು ಯಾಕೆ ಹಾಕಿದ್ರಿ ಯಲ್ಲಮ್ಮ?”

“ಹಾಕ್ದೆ ಇದ್ರೆ ಬಣ್ಣ ಎಲ್ಲಿಂದ ಬರ್ಬೇಕು? ಆವಾಗ ಎಂಟು ದಿನ ಮೋಡ, ಸೊಪ್ಪು ಬೂಸ್ಟು ಹಿಡೀತಿತ್ತು. ಅಷ್ಟು ದೊಡ್ಡ ಕಾಲೇಜಿಗೆ ಹೋಗೋ ಮಾಲು, ಅಲ್ಲಿ ಯಾರೋ ಕೈಯಲ್ಲಿ ಹಿಡ್ದು ನೋಡ್ತಾರೆ, ಬೆಳ್ಳಗಿದೆ ಅಂತ ಪಕ್ಕಕ್ಕಿಟ್ರೆ ನಿಮ್ಮ ಪರೀಕ್ಷೆ ಏನಾಗ್ಬೇಕು. ಇವ್ರನ್ನ ಉಳಿಸ್ಕೊಟ್ಟೋರು ನೀವು. ನಾನು ಬಾಡಿದ್ ಸೊಪ್ಪು ಕಳಿಸ್ಲಾ?”

ಅಡಿಕೆಯನ್ನು ಮಂಡಿಯವರು ಬಣ್ಣ ನೋಡಿ ದರ್ಜೆ ಕಟ್ಟುವ ಹಾಗೆ ಕಾಲೇಜಿನವರು ಸೊಪ್ಪಿಗೂ ದರ್ಜೆ ಕಟ್ಟುತ್ತಾರೆಂದು ಅವಳು ತಿಳಿದಿದ್ದಳು. ಪಂಚಮಿಯ ಮಾಲು ಒಂದನೇ ದರ್ಜೆಯಾಗಬೇಕೆಂದು ತನಗೆ ಬರುವ ಅತ್ಯುತ್ತಮ ಕೆಲಸವನ್ನು ಅದರ ಮೇಲೆ ಮಾಡಿದ್ದಳು. ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ. ಅಕ್ಕಿಗೆ ನೀರು ಹಾಕಿದೆ ಎಂದು ಯಾರು ಹೇಳುತ್ತಾರೆ.

ಪಂಚಮಿ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಗ ಯಲ್ಲಮ್ಮ, ನಾನು ಕೆಡಿಸಿದೆನಾ ಎಂದು ಕೇಳಿದಳು. ಇಲ್ಲ ಎಂದುಬಿಡುವುದು ಸುಲಭವಾಗಿತ್ತು. ಮರುದಿನ ಬಸ್ಸು ಹತ್ತಿ ಹೋಗಿ, ನವೆಂಬರಿನ ಸೊಪ್ಪು ಎಂದು ಬರೆದು, ಸೆಪ್ಟೆಂಬರಿಗೆ ಕೊಟ್ಟರೆ ಯಲ್ಲಮ್ಮನೂ ಸುಖ, ಮಲ್ಲಿಕಾರ್ಜುನಪ್ಪನವರೂ ಸುಖ. ಪಂಚಮಿ ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ, ಯೋಚಿಸಿದಳು. ಆಮೇಲೆ ಯಾವನೋ ಆ ಥೀಸಿಸ್ ಓದಿ ನವೆಂಬರಿನಲ್ಲಿ ಆಡುಸೋಗೆ ಕೊಯ್ದು, ರೇವಣ್ಣನ ಹಾಗೆ ತುಟಿ ನೀಲಿಯಾದವನಿಗೆ ಕೊಡುವುದನ್ನೂ ಯೋಚಿಸಿದಳು.

“ಹೌದು ಯಲ್ಲಮ್ಮ, ಕೆಟ್ಟಿದೆ” ಎಂದಳು. “ಆದ್ರೆ ಇವತ್ತು ನೀವು ಮಾಡಿ ತೋರಿಸ್ದೆ ಇದ್ದಿದ್ರೆ ನಾನು ಸುಳ್ಳು ಬರ್ದು ಡಾಕ್ಟರ್ ಆಗ್ತಿದ್ದೆ.”

“ಹಂಗೆ ಆದೋರು ಬೇಕಾದಷ್ಟು ಜನ ಇರ್ತಾರೆ ಬಿಡಿ” ಎಂದ ರೇವಣ್ಣ.

ಯಲ್ಲಮ್ಮ ನಗಲಿಲ್ಲ. ಗಂಡನ ಕಡೆ ಒಮ್ಮೆ ಕಣ್ಣು ಬಿಟ್ಟು, ಹಂಡೆಯ ಕೆಳಗಿನ ಕೊಳ್ಳಿಗಳನ್ನು ಹಿಂದಕ್ಕೆಳೆದಳು. ಪಂಚಮಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬರುವಾಗ ಇದ್ದ ಭಾರ ಈಗ ಇಲ್ಲ ಎಂಬುದನ್ನು ಗಮನಿಸಿದಳು. ಕಾರಣ ಸಿಕ್ಕಿತ್ತು. ಕೆಟ್ಟ ಕಾರಣವೇ ಆದರೂ ನಿಜವಾದ ಕಾರಣ. ಅದನ್ನು ಕೊಟ್ಟವಳು ಅಪರಾಧಿಯ ಹಾಗೆ ಕೂತಿದ್ದಳು. ಈ ಹೆಂಗಸಿಗೆ ತಾನು ಎಷ್ಟು ಋಣಿ ಎಂದು ಹೇಳುವುದಕ್ಕೆ ಪಂಚಮಿಗೆ ಮಾತು ಬರಲಿಲ್ಲ. ಹಾಸ್ಟೆಲಿನಲ್ಲಿ ಎಲ್ಲರೂ ಮಾತುಮಾತಿಗೆ ಥ್ಯಾಂಕ್ಸ್ ಎನ್ನುತ್ತಿದ್ದರು, ಆ ಮಾತನ್ನು ಇಲ್ಲಿ ಹೇಳಿದರೆ ಅಂಗಡಿಯವನಿಗೆ ಹೇಳಿದ ಹಾಗಾಗುತ್ತಿತ್ತು. ಅದರ ಬದಲು ಅವಳು ಎರಡು ಬಾಟಲಿ ಚೊಗರು ಬೇಕು ಎಂದಳು. ಕೆಡಿಸಿದ್ದನ್ನು ಯಾಕೆ ಒಯ್ಯುತ್ತಾಳೆಂದು ಯಲ್ಲಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಡ್ರಮ್ಮಿನ ತಳಕ್ಕೆ ಕೈ ಹಾಕಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನೇ ತುಂಬಿಕೊಟ್ಟಳು.

ಮಂಗಳೂರಿಗೆ ಬಂದ ಮೇಲೆ ಗಾಜಿನ ತಟ್ಟೆಯ ಮೇಲೆ ಒಂದು ಕಡೆ ನವೆಂಬರಿನ ಸಾರ, ಒಂದು ಕಡೆ ಚೊಗರು, ನಡುವೆ ಶುದ್ಧ ಕೆಟೆಚಿನ್ ಇಟ್ಟಳು. ಮೂರೂ ಪಟ್ಟೆಗಳು ಒಂದೇ ಎತ್ತರಕ್ಕೆ ಬಂದು ನಿಂತವು. ಆ ತಟ್ಟೆಯನ್ನು ಹಿಡಿದುಕೊಂಡೇ ಮಲ್ಲಿಕಾರ್ಜುನಪ್ಪನವರ ಕೋಣೆಗೆ ಹೋದಳು.

ಅಡಿಕೆ ಬೆಳೆಯದ ಒಣ ಬಯಲಿನ ಊರಿನಿಂದ ಬಂದ ಅವರಿಗೆ ಚೊಗರು ಎಂದರೇನೆಂದು ಮೊದಲು ಹೇಳಬೇಕಾಯಿತು. ಅವರು ಪೂರ್ತಿ ಕೇಳಿದರು. ಹೈದರಾಬಾದಿನ ಪ್ರಬಂಧದ ಪ್ರತಿ ಮೇಜಿನ ಮೇಲೇ ಇತ್ತು. ಅದರ ಮೇಲೆ ಕೈಯಿಟ್ಟುಕೊಂಡು, “ಇದು ಯಾರ್‍ಯಾರಿಗೆ ಗೊತ್ತು?” ಎಂದರು.

“ಮೂರು ಜನಕ್ಕೆ ಸರ್. ಯಲ್ಲಮ್ಮ, ರೇವಣ್ಣ, ನಾನು.”

“ನಾಲ್ಕು” ಎಂದರು ಅವರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ಕಾಗದ ತೆಗೆದುಕೊಂಡು, ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ಮಾದರಿ ಕಲಬೆರಕೆಯಾಗಿತ್ತು, ಹೊಣೆ ನನ್ನದು ಎಂದು ಸಮ್ಮೇಳನದವರಿಗೆ ತಮ್ಮ ಕೈಯಿಂದಲೇ ಬರೆದರು. ಹೊಣೆ ನನ್ನದು ಎಂದು ಅವರು ಬರೆಯಬೇಕಾಗಿರಲಿಲ್ಲ. ಒಣಗಿಸಿದ ಸೊಪ್ಪನ್ನು ಮೊದಲ ದಿನವೇ ಪರೀಕ್ಷಿಸಬೇಕಾಗಿದ್ದವಳು ಪಂಚಮಿ. ಅವಳು ಹಾಗೆಂದು ಹೇಳಹೊರಟಾಗ ಅವರು, ಹೊಸ ಇಲಿಗಳಿಗೆ ಅರ್ಜಿ ಬರೆದುಕೊಂಡು ಬಾ, ಸಮಯ ಹಾಳುಮಾಡಬೇಡ ಎಂದು ಎಬ್ಬಿಸಿ ಕಳಿಸಿದರು.

ಫೆಲೋಶಿಪ್ ಸೆಪ್ಟೆಂಬರಿಗೆ ನಿಂತಿತು. ಪಂಚಮಿ ಬೆಳಿಗ್ಗೆ ಡಿ.ಫಾರ್ಮ. ಹುಡುಗರಿಗೆ ಪಾಠ ಹೇಳಿ, ಮಧ್ಯಾಹ್ನದಿಂದ ಲ್ಯಾಬಿನಲ್ಲಿ ಕೂತಳು. ಈ ಸಲ ಸೊಪ್ಪು ಒಂದು ಗುಂಪಿಗೆ, ಚೊಗರು ಒಂದು ಗುಂಪಿಗೆ, ಎರಡೂ ಸೇರಿಸಿದ್ದು ಒಂದಕ್ಕೆ, ಬರೀ ನೀರು ಒಂದಕ್ಕೆ. ಆಡುಸೋಗೆ ಏನನ್ನೂ ಮಾಡಲಿಲ್ಲ. ಚೊಗರಿನಿಂದ ತೆಗೆದ ಫ್ಲೇವನಾಯ್ಡ್ ಮೊದಲ ಇಲಿಗಳಲ್ಲಿ ಕಂಡಷ್ಟನ್ನೇ ಮಾಡಿತು. ಲ್ಯಾಬಿನವರು ಮತ್ತೆ ಬಂದು ನೋಡಿದರು. ಹಳ್ಳಿಯ ಹೆಂಗಸಿನ ಸೌಟಿನಿಂದ ಮಹಾ ಔಷಧಿ ಬಂತು ಎಂದು ಪತ್ರಿಕೆಗೆ ಕೊಡೋಣವೇ ಎಂದು ಒಬ್ಬರು ಕೇಳಿದರು.

ಪಂಚಮಿ ಇನ್ನೊಂದು ಪರೀಕ್ಷೆ ಮಾಡಿದ ಮೇಲೆ ಆ ಮಾತು ನಿಂತಿತು. ಈ ಸಲ ಅವಳು ವಿಷವನ್ನು ಮೊದಲು ಚುಚ್ಚಿ, ಆರು ತಾಸು ಬಿಟ್ಟು ಫ್ಲೇವನಾಯ್ಡ್ ಕೊಟ್ಟಳು. ಊತ ತುಸು ಕಡಿಮೆಯಾಯಿತು. ಸಾಯುವ ಇಲಿಗಳು ಸತ್ತವು. ಕತ್ತಿ ತಾಗುವ ಮೊದಲೇ ಯಾರೂ ಆಸ್ಪತ್ರೆಗೆ ಬರುವುದಿಲ್ಲ, ರೇವಣ್ಣ ಬಂದದ್ದು ಆರನೆಯ ದಿನ. ಥೀಸಿಸಿನ ಕೊನೆಯ ಅಧ್ಯಾಯದಲ್ಲಿ ಅವಳು ಇದನ್ನೆಲ್ಲ ಸುತ್ತಿಬಳಸದೆ ಬರೆದಳು. ಎರಡನೆಯ ಅಧ್ಯಾಯದಲ್ಲಿ ನವೆಂಬರಿನ ಸೊಪ್ಪಿನ ಕಥೆಯನ್ನೂ, ಯಲ್ಲಮ್ಮನ ಹೆಸರನ್ನೂ, ಅವಳು ಮಾಡಿದ ಕ್ರಮವನ್ನೂ ಬರೆದಳು. ಅಷ್ಟರಲ್ಲಿ ನಿವೃತ್ತರಾಗಿದ್ದ ಮಲ್ಲಿಕಾರ್ಜುನಪ್ಪನವರು ದಾವಣಗೆರೆಯಿಂದ ಬಂದು, ಒಂದು ಅಕ್ಷರವನ್ನೂ ಹೊಡೆದುಹಾಕದೆ ಸಹಿ ಮಾಡಿದರು.

2005ರ ಅಕ್ಟೋಬರಿನಲ್ಲಿ ಮೌಖಿಕ ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ಮುಕ್ಕಾಲು ತಾಸು ಎರಡನೆಯ ಅಧ್ಯಾಯವನ್ನೇ ಹಿಡಿದು ಕೂತರು. ಇದನ್ನು ಬರೆಯದೆ ಬಿಡಬಹುದಿತ್ತಲ್ಲ ಎಂದು ಒಬ್ಬರು ಕೇಳಿದರು. ಬಿಡಬಹುದಿತ್ತು ಎಂದು ಒಪ್ಪಿಕೊಂಡಳು.

ನವೆಂಬರಿನಲ್ಲಿ ಊರಿಗೆ ಬಂದಾಗ ಕೊಟ್ಟಿಗೆಯಲ್ಲಿ ಅಡಿಕೆ ಬೇಯುತ್ತಿತ್ತು. ಯಲ್ಲಮ್ಮ ಹಂಡೆಯ ಮುಂದೆ ನಿಂತಿದ್ದಳು, ಮುಖವೆಲ್ಲ ಬೆವರು. ರೇವಣ್ಣ ಸುಲಿದ ಅಡಿಕೆಯನ್ನು ಬುಟ್ಟಿಗೆ ತುಂಬುತ್ತಿದ್ದ.

“ಪಾಸಾ?” ಎಂದಳು ಯಲ್ಲಮ್ಮ ಮೊದಲಿಗೆ.

“ಪಾಸು.”

ಯಲ್ಲಮ್ಮ ಸೌಟನ್ನು ಹಂಡೆಯ ಅಂಚಿಗಿಟ್ಟು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಂದೂವರೆ ವರ್ಷದಿಂದ ಅವಳು ಪಂಚಮಿಯ ಅಮ್ಮನ ಹತ್ತಿರ ವಾರವಾರವೂ ಇದನ್ನೇ ಕೇಳುತ್ತಿದ್ದಳಂತೆ. ಅಡಿಕೆಗೆ ಬಿಟ್ಟು ಬೇರೆ ಯಾವುದಕ್ಕೂ ಚೊಗರು ಮುಟ್ಟಿಸಿಲ್ಲ ಎಂದೂ ಹೇಳಿದಳು.

ರೇವಣ್ಣನಿಗೆ ಇಲಿಗಳ ಕಥೆ ಬೇಕಾಗಿತ್ತು. ಪಂಚಮಿ ಹೇಳಿದಳು. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಕೊಟ್ಟಿದ್ದರೆ ನಿಮಗೇನೂ ಉಪಯೋಗವಾಗುತ್ತಿರಲಿಲ್ಲ, ಮೊದಲೇ ಕೊಟ್ಟಿದ್ದರೆ ಮಾತ್ರ ಏನಾದರೂ ಆಗುತ್ತಿತ್ತೇನೋ, ಅದೂ ಇಲಿಗಳ ಮಾತು, ಮನುಷ್ಯರದ್ದು ಗೊತ್ತಿಲ್ಲ ಎಂದಳು. ಅವನು ಯೋಚನೆ ಮಾಡಿದ.

“ನಾನು ಹದಿನೈದನೇ ವರ್ಷದಿಂದ ದಿನಾ ಎಲೆ ಅಡಿಕೆ ಹಾಕ್ತಿದ್ದೆ. ಅದು ಮೊದ್ಲೇ ಕೊಟ್ಟಂಗೆ ಅಲ್ವಾ?”

“ಅಲ್ಲ. ಅದ್ರಿಂದ ಬಾಯಿಗೆ ಕ್ಯಾನ್ಸರ್ ಬರುತ್ತೆ. ಬಿಟ್ಬಿಡಿ.”

“ಕೇಳಿಸ್ಕೊಂಡ್ಯಾ” ಎಂದ ರೇವಣ್ಣ ಹೆಂಡತಿಗೆ. “ಇಪ್ಪತ್ತು ವರ್ಷದಿಂದ ನೀನು ಹೇಳ್ತಿದ್ದಿದ್ದನ್ನ ಕಲಿಯಕ್ಕೆ ಇವ್ರು ಮಂಗಳೂರಿಗೆ ಹೋಗಿದ್ರು.”

ಪಂಚಮಿಗೆ ನಗು ಬಂತು. ಆಮೇಲೆ ಅವಳು ಬಸ್ಸಿನುದ್ದಕ್ಕೂ ಹ್ಯಾಗೆ ಹೇಳಲಿ ಎಂದುಕೊಂಡು ಬಂದದ್ದನ್ನು ಹೇಳಿದಳು. ನಿಮ್ಮ ಹೆಸರನ್ನು ಪುಸ್ತಕದಲ್ಲಿ ಬರೆದಿದ್ದೇನೆ, ತಪ್ಪು ಮಾಡಿದವಳು ಎಂದಲ್ಲ, ತಪ್ಪು ಎಲ್ಲಿದೆಯೆಂದು ತೋರಿಸಿದವಳು ಎಂದು. ಓದಿ ಹೇಳಲೇ ಎಂದು ಕೇಳಿದಳು.

“ಅದಿರ್ಲಿ” ಎಂದಳು ಯಲ್ಲಮ್ಮ. “ಆವತ್ತು ನಾನು ನಿಮಗೆ ಪೂರ್ತಿ ಹೇಳಿಲ್ಲ.”

ಪಂಚಮಿ ನಿಂತಲ್ಲೇ ಸೆಟೆದಳು.

“ಚೊಗರಿನ ಡ್ರಮ್ಮಿಗೆ ನಾನು ಬೇರೇನೂ ಹಾಕ್ತೀನಿ. ಮೊದಲ್ನೇ ದಿನದ ಹಂಡೆಗೆ ಮತ್ತಿ ಚಕ್ಕೆ. ವೀಳ್ಯದೆಲೆ. ಸ್ವಲ್ಪ ಸುಣ್ಣ. ಆಮೇಲೆ ಇನ್ನೂ ಏನೇನೋ, ವರ್ಷಕ್ಕೊಂದು ಥರ. ನೀವು ಬಾಟ್ಲೀಲಿ ತಗೊಂಡೋದಾಗ ಹೇಳ್ಬೇಕಿತ್ತು, ಆಗ ನೀವು ಮಾತೇ ಆಡ್ತಿರಲಿಲ್ಲ, ನಂಗೆ ಹೆದ್ರಿಕೆ ಆಯ್ತು. ಅದನ್ನೂ ಬರೀಬೇಕೇನೋ ಅಂತ ಒಂದೂವರೆ ವರ್ಷದಿಂದ ನಿದ್ದೆ ಇಲ್ಲ.”

ಮತ್ತಿ ಚಕ್ಕೆಯಲ್ಲೂ ಫ್ಲೇವನಾಯ್ಡ್ ಇರುತ್ತದೆ. ವೀಳ್ಯದೆಲೆಯಲ್ಲೂ ಇದ್ದೀತು. ಸುಣ್ಣ ಬಿದ್ದರೆ ಅವುಗಳಲ್ಲಿ ಕೆಲವು ಬದಲಾಗುತ್ತವೆ. ಎರಡನೆಯ ಅಧ್ಯಾಯದಲ್ಲಿ ಪಂಚಮಿ ಚೊಗರು ಎಂದರೆ ಅಡಿಕೆ ಬೇಯಿಸಿದ ನೀರು ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದಳು. ಗೊತ್ತಿರುವುದನ್ನು ಯಾರೂ ಕೇಳಿ ತಿಳಿಯುವುದಿಲ್ಲ. ಆ ಒಂದು ಸಾಲು ತಪ್ಪಾಗಿತ್ತು. ವಿಶ್ವವಿದ್ಯಾಲಯಕ್ಕೆ ತಿದ್ದುಪಡಿ ಬರೆದು ಕಳಿಸಬೇಕು, ಮಲ್ಲಿಕಾರ್ಜುನಪ್ಪನವರಿಗೆ ಫೋನು ಮಾಡಬೇಕು. ಅವರು ನಗುತ್ತಾರೆ, ಆಮೇಲೆ ಬೈಯುತ್ತಾರೆ, ಆಮೇಲೆ ಮತ್ತಿ ಚಕ್ಕೆಯನ್ನೂ ಪರೀಕ್ಷೆಗಿಡು ಎನ್ನುತ್ತಾರೆ. ಪಂಚಮಿಗೆ ಸಿಟ್ಟು ಬರಲಿಲ್ಲ. ತನ್ನ ಜೀವಮಾನದಲ್ಲಿ ಇಷ್ಟು ನೇರವಾಗಿ ತನಗೆ ಯಾರೂ ನಿಜ ಹೇಳಿಲ್ಲ ಎನಿಸಿತು. ಅದೂ ಎರಡೆರಡು ಸಲ, ಹೆದರಿಕೊಂಡೇ.

ಅವಳು ಚೀಲದಿಂದ ನೋಟ್‌ಬುಕ್ ತೆಗೆದು, ಒಲೆಯ ಶಾಖ ತಾಗದಷ್ಟು ದೂರದಲ್ಲಿ ಒಂದು ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತಳು. ಮೊದಲಿಂದ ಹೇಳಿ ಎಂದಳು. ರೇವಣ್ಣ ನಡುವೆ ಬಾಯಿ ಹಾಕಬಾರದು ಎಂದೂ ಹೇಳಿದಳು. ಯಲ್ಲಮ್ಮ ಬೇಯುತ್ತಿದ್ದ ಹಂಡೆಯನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಮತ್ತಿ ಮರದ ಯಾವ ಮಗ್ಗುಲಿನ ಚಕ್ಕೆಯನ್ನು ಕೆತ್ತಬೇಕು, ಎಷ್ಟು ದಪ್ಪ, ಯಾವ ತಿಂಗಳು ಎಂಬಲ್ಲಿಂದ ಶುರುಮಾಡಿದಳು. ಬಾಯಿಲ್ಲ ಎಂದು ಗಂಡ ಹೇಳುತ್ತಿದ್ದವಳು ಅಡಿಕೆ ಬೆಂದು ಇಳಿಸುವವರೆಗೂ ನಿಲ್ಲಿಸಲಿಲ್ಲ. ಪಂಚಮಿ ಮೂರನೆಯ ಪುಟ ತಿರುವಿದಳು.